ಹಿರೇಕೊಟ್ನೆಕಲ್ ಗುಡ್ಡದ ಧ್ರುವಪ್ರಭೆ

ಸೂರ್ಯ ದೊಡ್ಡದೊಂದು ಜ್ವಾಲೆ ಉಗುಳಿದ್ದಾನೆ, ಅದರ ಬಿರುಗಾಳಿ ಭೂಮಿ ಕಡೆ ಹೊರಟಿದೆ ಅನ್ನೋ ಸುದ್ದಿ ಬಂದ ದಿನ ನಾನು ಮಾನ್ವಿಯ ನಮ್ಮ ಮನೆ ಕಟ್ಟೆ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ದೀಪಾವಳಿ ಮುಗಿದು ಭತ್ತದ ಕೊಯ್ಲು ಶುರುವಾಗಿತ್ತು. ರಾಯಚೂರಿನಿಂದ ಗೆಳತಿಯ ಫೋನ್ ಬಂತು. ಡಿಗ್ರಿ ಓದುವಾಗ ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ಕೋಣೆ. ಈಗ ಆಕೆ ಮಾರ್ಕೆಟ್ಟಿನಲ್ಲಿ ಗಂಡನ ಜೊತೆ ಬಟ್ಟೆ ಅಂಗಡಿ ನೋಡಿಕೊಳ್ಳುತ್ತಾಳೆ. ಮನೆಯಲ್ಲಿ ದಖನಿ, ಗಿರಾಕಿಗೆ ಕನ್ನಡ, ನನಗೆ ಎರಡೂ ಕಲಸಿ.

"ಸುನ್ ಗೇ, ಕುಂತೀಯೋ ನಿಂತೀಯೋ?"

"ಕುಂತೀನಿ. ಯಾಕಬೇ?"

"ಕುಂತೇ ಇರು. ನಿನ್ನ ಸರ್ ಊರಿಗೆಲ್ಲ ಅರೋರಾ ತೋರಸ್ತಾರಂತ. ನನ್ನ ಮಗಳ ಕೋಚಿಂಗಿನಾಗ ಹೇಳ್ಯಾರ. ವಿಡಿಯೋ ಕಳಸೀನಿ, ನೋಡು. ನಕ್ಕೋ ಗೇ, ನೋಡಿ ಫೋನ್ ಒಡೀಬ್ಯಾಡ."

ಸರ್ ಅಂದರೆ ನಮಗೆ ಭೌತಶಾಸ್ತ್ರ ಹೇಳಿದ ಲೆಕ್ಚರರ್. ರಿಟೈರ್ ಆಗಿ ರಾಯಚೂರಿನಲ್ಲೇ ಕೋಚಿಂಗ್ ಇಟ್ಟುಕೊಂಡಿದ್ದಾರೆ, ಮೊಬೈಲಿನಲ್ಲಿ ಒಂದು ಚಾನೆಲ್ಲೂ ಇದೆ. ವಿಡಿಯೋ ತೆರೆದೆ. ಅದೇ ಬಿಳಿ ಅಂಗಿ, ಅದೇ ಇಸ್ತ್ರಿ, ತಲೆಗೆ ಹೊಸದಾಗಿ ಹಚ್ಚಿದ ಕಪ್ಪು. ಹಿಂದೆ ಲಡಾಖಿನ ಆಕಾಶದ ಫೋಟೋ, ದಾಳಿಂಬೆ ಒಡೆದಂಥ ಕೆಂಪು. ಅವರು ಬೆರಳೆತ್ತಿ ಹೇಳುತ್ತಿದ್ದರು:

"ನನ್ನ ಹಳೆಯ ವಿದ್ಯಾರ್ಥಿಗಳಿಗೆ ಗೊತ್ತು. ಕ್ಲಾಸಿನಲ್ಲಿ ನಾನು ಯಾವಾಗಲೂ ಹೇಳುತ್ತಿದ್ದೆ. ಸೂರ್ಯನ ಬಿರುಗಾಳಿ ಜೋರಾಗಿದ್ದರೆ ಅರೋರಾ, ಅಂದರೆ ಧ್ರುವಪ್ರಭೆ, ಧ್ರುವದಲ್ಲೇ ಕಾಣಬೇಕು ಅಂತಿಲ್ಲ. ನೂರೈವತ್ತು ವರ್ಷದ ಹಿಂದೆ ನಮ್ಮ ಬೊಂಬಾಯಿಯಲ್ಲೂ ಕಂಡಿದೆ. ಕೆಂಪಾಗಿ."

ತಟ್ಟೆ ತೊಡೆ ಮೇಲಿಂದ ಜಾರಿ ಅವರೆಕಾಳೆಲ್ಲ ಅಂಗಳದ ತುಂಬ ಹೋದವು. ಆ ಮಾತು ನಂದು. ಬೊಂಬಾಯಿ ನಂದು, ಕೆಂಪೂ ನಂದು. ಆ ಒಂದು ಮಾತಿಗೆ ನಾನು ಕೊಟ್ಟ ಬೆಲೆ ನನಗೇ ಗೊತ್ತು. ಅದನ್ನೀಗ ಈ ಮನುಷ್ಯ ಇಸ್ತ್ರಿ ಮಾಡಿ ತನ್ನ ಮೈಮೇಲೆ ಹಾಕಿಕೊಂಡು ನಿಂತಿದ್ದ. ಅಂಗಳದಲ್ಲಿ ಕಾಳು ಆರಿಸುತ್ತಾ ನಾನು ಒಂದು ನಿರ್ಧಾರಕ್ಕೆ ಬಂದೆ. ಆ ಮಾತು ಯಾರು ಹೇಳಿದ್ದು ಅನ್ನೋದನ್ನ ಅದೇ ಬಾಯಿಂದ, ನಾಲ್ಕು ಮಂದಿ ಮುಂದೆ, ಹೇಳಿಸಬೇಕು. ಅದರ ಮೇಲೆ ಬಡ್ಡಿ ಬೇರೆ ತಗೋಬೇಕು.

*

ನಮ್ಮವ್ವ ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ಮಾಡಿ ಮಾರುತ್ತಿದ್ದಳು. ಕಟ್ಟಿಕೊಡಲಿಕ್ಕೆ ರದ್ದಿ ಅಂಗಡಿಯಿಂದ ಹಳೇ ಪೇಪರನ್ನ ಕಿಲೋ ಲೆಕ್ಕದಲ್ಲಿ ತರುತ್ತಿದ್ದೆವು. ಸಾಲಿ ಬಿಟ್ಟ ಮೇಲೆ ಅವನ್ನ ಚೌಕಾಗಿ ಹರಿಯೋದು ನನ್ನ ಕೆಲಸ. ಹರಿಯುತ್ತಾ ಓದುತ್ತಿದ್ದೆ. ಸಿನಿಮಾ, ಖೂನಿ, ಎಂದೋ ಮುಗಿದುಹೋದ ಚುನಾವಣೆ, ಎಲ್ಲ. ಒಂದೊಂದು ಸಲ ಸುದ್ದಿಯ ಅರ್ಧ ನನ್ನ ಕೈಯಲ್ಲಿ ಇರುತ್ತಿತ್ತು, ಇನ್ನರ್ಧ ಅಷ್ಟೊತ್ತಿಗೆ ಮಿರ್ಚಿ ಜೊತೆ ಸಿರವಾರದ ಬಸ್ ಹತ್ತಿರುತ್ತಿತ್ತು.

"ಓದಿ ಹರಿ, ಇಲ್ಲಂದ್ರ ಹರದು ಓದು," ಅಂತಿದ್ದಳು ಅವ್ವ. "ಎರಡೂ ಕೂಡಿ ಮಾಡಿದ್ರ ಮಿರ್ಚಿ ಆರಿ ಹೋಗ್ತದ ನೋಡು."

ಅಂಥ ಒಂದು ಚೂರಿನಲ್ಲೇ ನಾನು ಓದಿದ್ದು. ಬಹಳ ಹಿಂದೆ ಒಂದು ರಾತ್ರಿ ಬೊಂಬಾಯಿಯ ಆಕಾಶ ಕೆಂಪಾಗಿತ್ತಂತೆ. ಊರಿಗೆ ಬೆಂಕಿ ಬಿತ್ತೇನೋ ಅಂತ ಮಂದಿ ಅಂಜಿದ್ದರಂತೆ, ಆದರೆ ಅದು ಬೆಂಕಿಯಲ್ಲ, ಸೂರ್ಯನಿಂದ ಬಂದ ಬೆಳಕಿನ ಆಟವಂತೆ. ಆ ಚೂರನ್ನ ನಾನೇನೂ ಎತ್ತಿಡಲಿಲ್ಲ. ಓದಿ ಮುಗಿಸಿ, ಅದರಲ್ಲೇ ಮಿರ್ಚಿ ಕಟ್ಟಿ ಲಿಂಗಸುಗೂರು ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟೆ. ಓದಿದ್ದು ಮಾತ್ರ ತಲೆಯಲ್ಲಿ ಉಳೀತು.

ಅದು ಹೊರಗೆ ಬಂದದ್ದು ರಾಯಚೂರಿನಲ್ಲಿ, ಡಿಗ್ರಿ ಎರಡನೇ ವರ್ಷ. ಸರ್ ಭೂಮಿಯ ಕಾಂತಕ್ಷೇತ್ರದ ಪಾಠ ಮಾಡುತ್ತಿದ್ದರು. ಸೂರ್ಯನಿಂದ ಹೊರಟ ಕಣಗಳನ್ನ ಭೂಮಿ ಹೇಗೆ ಉತ್ತರ ದಕ್ಷಿಣದ ತುದಿಗೆ ಎಳೆದುಕೊಳ್ಳುತ್ತದೆ, ಅಲ್ಲಿನ ಗಾಳಿಗೆ ಅವು ಬಡಿದಾಗ ಆಕಾಶ ಹೇಗೆ ಹೊಳೆಯುತ್ತದೆ ಅಂತ ಬೋರ್ಡಿನ ಮೇಲೆ ಚಂದ ಬರೆದಿದ್ದರು. ಇಲ್ಲದ ಮಾತು ಯಾಕೆ, ಪಾಠ ಚಲೋ ಮಾಡುತ್ತಿದ್ದರು. ಆಮೇಲೆ ಕೇಳಿದರು, "ಈ ಧ್ರುವಪ್ರಭೆ ನಮ್ಮ ದೇಶದಲ್ಲಿ ಯಾಕೆ ಕಾಣುವುದಿಲ್ಲ?"

ಆ ಕ್ಲಾಸಿನಲ್ಲಿ ಅಲ್ಲಿತನಕ ನಾನು ಬಾಯಿ ಬಿಟ್ಟವಳಲ್ಲ. ಅವತ್ತು ಎದ್ದು ನಿಂತೆ.

"ಕಾಣ್ತದ್ರಿ ಸರ್. ಭಾಳ ಜೋರಿದ್ರ ಕಾಣ್ತದ. ಬೊಂಬಾಯಿಯಾಗ ಕಂಡಿತ್ತಂತ್ರಿ, ಕೆಂಪಗ."

"ಬೊಂಬಾಯಿಯಾಗ?" ನನ್ನ ದನಿಯನ್ನೇ ಎಳೆದು ಅಂದರು. ಅವರು ತೆಂಕಣ ಸೀಮೆಯವರು, ನಮ್ಮ ಮಾತು ಅವರಿಗೆ ನಗೆಯ ಸಾಮಾನು. "ಕೆಂಪಗ? ಎಲ್ಲಿ ಓದಿದೆಯಮ್ಮ ಇದನ್ನ?"

ನಾನು ತಲೆ ತಗ್ಗಿಸಿ ನೋಟ್‌ಬುಕ್ಕಿನ ಹಾಳೆ ತಿರುವಿದೆ.

"ತಾಯಿ ಏನು ಮಾಡುತ್ತಾರೆ?"

"ಮಿರ್ಚಿ ಮಾರ್ತಾಳ್ರಿ. ದೇವದುರ್ಗ ಬಸ್ ಸ್ಟ್ಯಾಂಡಿನಾಗ."

"ಹಾಗಾದರೆ ಸರಿ. ಮಿರ್ಚಿ ಕಟ್ಟಿದ ಪೇಪರಿನಲ್ಲಿ ಓದಿರಬೇಕು!"

ಇಡೀ ಕ್ಲಾಸು ನಕ್ಕಿತು. ನನ್ನ ಬಾಯಿ ಕಟ್ಟಿದ್ದು ಆ ನಗೆಗಲ್ಲ. ಅವರು ಚೇಷ್ಟೆಗೆ ಅಂದದ್ದು ಖರೇನೇ ಇತ್ತಲ್ಲ, ಅದಕ್ಕೆ. ಸುಳ್ಳಾಗಿದ್ದರೆ ಜಗಳ ಆಡಬಹುದಿತ್ತು.

"ಕೂತುಕೋ, ಮಿರ್ಚಿ ಅರೋರಾ," ಅಂದರು.

ಆ ಹೆಸರು ಸಂಜೆಗೆ ಹಾಸ್ಟೆಲ್ ಮುಟ್ಟಿತು. ಮರುದಿನ ಲೈಬ್ರರಿ, ಅದರ ಮರುದಿನ ಚಂದ್ರಬಂಡದಿಂದ ಬರುವ ಹುಡುಗರ ಬಾಯಿ. ನಾನು ಸಿಟಿ ಬಸ್ ಹತ್ತಿದರೆ ಹಿಂದಿನ ಸೀಟಿನಿಂದ "ಕಾಂದಾ ಹಚ್ಚಿ ಎರಡು ಅರೋರಾ ಕೊಡ್ರಿ" ಅನ್ನೋರು. ಗೆಳತಿ ಒಬ್ಬನಿಗೆ ಚಪ್ಪಲಿ ತೋರಿಸಿ, "ಇದನ್ನೂ ತಗೋ, ಗರಂ ಅದ," ಅಂದಿದ್ದಳು. ಆದರೂ ಆ ಹೆಸರು ನನ್ನನ್ನ ಬಿಡಲಿಲ್ಲ.

ಹೆಸರಿಗೆ ಯಾರೂ ಸಾಯುವುದಿಲ್ಲ, ನಾನೂ ತಡೆದೆ. ತಡೆಯಲಾಗದ್ದು ಕೊನೆಯ ವರ್ಷ ನಡೆಯಿತು. ಪ್ರಾಕ್ಟಿಕಲ್ ಪರೀಕ್ಷೆಗೆ ಬೇರೆ ಕಾಲೇಜಿನಿಂದ ಪರೀಕ್ಷಕರು ಬಂದಿದ್ದರು. ನನ್ನ ಸರದಿ ಬಂದಾಗ ಸರ್ ಅವರಿಗೆ ಪರಿಚಯ ಮಾಡಿಕೊಟ್ಟರು. "ಇವಳು ನಮ್ಮ ಮಿರ್ಚಿ ಅರೋರಾ. ಬೊಂಬಾಯಿಯಲ್ಲಿ ಧ್ರುವಪ್ರಭೆ ಕಂಡವಳು." ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ನಗುತ್ತಲೇ ಪರೀಕ್ಷಕರು ಏನೋ ಕೇಳಿದರು. ಉತ್ತರ ನನಗೆ ಗೊತ್ತಿತ್ತು, ಇವತ್ತಿಗೂ ಗೊತ್ತು. ನಾಲಿಗೆ ಮಾತ್ರ ಅಂಗುಳಕ್ಕೆ ಅಂಟಿಕೊಂಡಿತು. ನನ್ನ ಮೌನಕ್ಕೂ ನಕ್ಕರು. ಪ್ರಾಕ್ಟಿಕಲ್ಲಿನ ಮಾರ್ಕ್ಸು ಕಮ್ಮಿ ಬಿದ್ದು, ಕಲಬುರಗಿಯಲ್ಲಿ ಎಂ.ಎಸ್ಸಿ. ಸೀಟು ನನಗೆ ಕೂದಲೆಳೆಯಲ್ಲಿ ತಪ್ಪಿತು. ಆ ಕೂದಲು ಯಾರದು ಅಂತ ನಾನು ಮರೆತಿಲ್ಲ.

ದೇವದುರ್ಗಕ್ಕೆ ಬಂದು ಮಿರ್ಚಿ ಬಂಡಿಯ ಹಿಂದೆ ಕೂತು ಅತ್ತಾಗ ಅವ್ವ ಕಣ್ಣೊರೆಸಲಿಲ್ಲ. ಕೈಗೆ ಹಿಟ್ಟು ಮೆತ್ತಿತ್ತು.

"ಈಗ ಹೋಗಿ ಆತನ ಮಾರಿ ಮ್ಯಾಲ ಉಗುಳಿ ಬರ್ಲೇನು?" ಅಂದೆ.

"ಎಣ್ಣಿ ಕಾದಿಲ್ಲವ್ವಾ," ಅಂದಳು. "ಹಸಿ ಎಣ್ಣಿಯಾಗ ಮಿರ್ಚಿ ಬಿಟ್ರ ಏನಾಕ್ಕತಿ? ಮಿರ್ಚಿನ ಎಣ್ಣಿ ಕುಡದು ಮೆತ್ತಗ ಆಕ್ಕತಿ. ಕಾಯಬೇಕು. ಕಾದ ಮ್ಯಾಲ ಬಿಟ್ರ ಚೊಂಯ್ ಅಂತದ ನೋಡು, ಆಗ."

ಕಾದೆ. ಬಿ.ಎಡ್. ಮಾಡಿದೆ, ನೌಕರಿ ಹಿಡಿದೆ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತುವುದು ಬಿಟ್ಟು ಪೆನ್ನು ಹಿಡಿದ ಮೊದಲ ಕೈ ನಂದು. ಅದಕ್ಕೆ ನನಗೆ ಸೊಕ್ಕಿದೆ, ಮುಚ್ಚಿಡುವುದಿಲ್ಲ. ಮದುವೆಯಾಗಿ ಮಾನ್ವಿಗೆ ಬಂದೆ. ಗಂಡನ ಮನೆಯ ಹೊಲ ಇರುವುದು ಹಿರೇಕೊಟ್ನೆಕಲ್‌ನಲ್ಲಿ, ನಾನು ವಿಜ್ಞಾನ ಹೇಳುವುದೂ ಅದೇ ಊರಿನ ಹೈಸ್ಕೂಲಿನಲ್ಲಿ.

*

ಗೆಳತಿ ಫೋನ್ ಮಾಡಿದ ಮರುದಿನವೇ ಸರ್ ಫೋನ್ ಮಾಡಿದರು. ನಮ್ಮ ಹೆಡ್‌ಮಾಸ್ತರು ನಂಬರ್ ಕೊಟ್ಟಿದ್ದರಂತೆ. ದನಿ ಕೇಳಿದ್ದೇ ನನ್ನ ಬೆನ್ನು ನೆಟ್ಟಗಾಯಿತು, ಹಳೇ ಕ್ಲಾಸಿನಲ್ಲಿ ಆಗುತ್ತಿದ್ದ ಹಾಗೆ. ಅದಕ್ಕೂ ನನಗೆ ಸಿಟ್ಟೇ ಬಂತು.

"ಮೇಡಂ, ನೀವು ಅಲ್ಲಿನ ಸೈನ್ಸ್ ಟೀಚರಂತೆ. ನಮಗೆ ಉತ್ತರ ದಿಕ್ಕು ತೆರೆದಿರುವ ಒಂದು ಗುಡ್ಡ ಬೇಕು. ರಾಯಚೂರಿನಲ್ಲಿ ಊರಿನ ದೀಪ, ಪವರ್ ಸ್ಟೇಷನ್ನಿನ ಬೆಳಕು. ನಿಮ್ಮೂರಿನ ಗುಡ್ಡ ಚೆನ್ನಾಗಿದೆ ಅಂದರು. ಭಾನುವಾರ ಸಂಜೆ ಒಂದು ಬಸ್ ಮಕ್ಕಳು, ಅವರ ತಂದೆ ತಾಯಿ ಬರುತ್ತೇವೆ. ಕುರ್ಚಿ, ನೀರು, ಮೈಕು, ಸ್ವಲ್ಪ ತಿಂಡಿ. ವ್ಯವಸ್ಥೆ ಮಾಡುತ್ತೀರಲ್ಲ?"

ನನ್ನ ಹೆಸರು ಹೇಳಿದೆ. ಅವರಿಗೆ ಏನೂ ಅನ್ನಿಸಲಿಲ್ಲ. ಅನ್ನಿಸಬೇಕಾದ ಹೆಸರು ಅದಲ್ಲವಲ್ಲ.

ನ್ಯಾಯವಾಗಿ ಒಂದು ಅವಕಾಶ ಕೊಡೋಣ ಅಂತ ಕೇಳಿದೆ, "ಲಡಾಖಿನಾಗ ಕಂಡದ್ದು ಇಲ್ಲಿ ಕಾಣೂದು ಕಷ್ಟ ಅಲ್ರಿ ಸರ್? ನಾವು ಅದಕ್ಕಿಂತ ಎಷ್ಟೋ ಕೆಳಗ ಇದ್ದೀವಿ. ಈ ಸಲದ ಬಿರುಗಾಳಿ ಅಷ್ಟು ದೊಡ್ಡದಲ್ಲ ಅಂತನೂ ಅನ್ನಾಕತ್ತಾರ."

"ಮೇಡಂ," ಅಂದು ನಕ್ಕರು. ಆ ನಗೆ ಒಂದಿಷ್ಟೂ ಸವೆದಿರಲಿಲ್ಲ. "ಬೊಂಬಾಯಿಯಲ್ಲೇ ಕಂಡಿದೆ. ಓದಬೇಕು ಮೇಡಂ, ಓದಬೇಕು. ಇದು ನಿಮ್ಮ ಹೈಸ್ಕೂಲ್ ಮಟ್ಟದ ವಿಷಯ ಅಲ್ಲ ಬಿಡಿ."

ನನ್ನದೇ ಉತ್ತರ ತಗೊಂಡು ನನ್ನದೇ ಕೆನ್ನೆಗೆ ಹೊಡೆದರು. ಆಮೇಲೆ ಅವಕಾಶ ಕೊಡುವ ಮಾತೇ ಇರಲಿಲ್ಲ.

"ಬರ್ರಿ ಸರ್," ಅಂದೆ. "ಎಲ್ಲಾ ವ್ಯವಸ್ಥಾ ಮಾಡ್ತೀನಿ. ತಿಂಡಿದು ಅಂತೂ ಚಿಂತಿ ಬಿಡ್ರಿ."

ಮೊದಲು ಅವ್ವನಿಗೆ ಫೋನ್ ಮಾಡಿದೆ. ಆಕೆ ಬಂಡಿ ಬಿಟ್ಟು ಬಹಳ ದಿನವಾಗಿತ್ತು, ಕೈ ಮರೆತಿರಲಿಲ್ಲ.

"ಯವ್ವಾ, ಭಾನುವಾರ ಬಾ. ಒಂದು ಬಸ್ ಮಂದಿಗೆ ಮಿರ್ಚಿ ಮಾಡಬೇಕು. ಪೇಪರಿನಾಗ ಕಟ್ಟಿ ಕೊಡಬೇಕು, ಪ್ಲೇಟು ಬ್ಯಾಡ."

"ಯಾರು ಬರಾಕತ್ತಾರ?"

"ನಮ್ಮ ಸರ್."

"ಕಾದದೇನವ್ವಾ ಎಣ್ಣಿ?"

"ಕಾದದ."

"ಹಂಗಾದ್ರ ಬರ್ತೀನಿ. ಕಡ್ಲಿಹಿಟ್ಟು ಚಲೋದು ತರಸು, ಸೋವಿದು ಬ್ಯಾಡ."

*

ಇನ್ನು ಬೆಳಕಿನ ವ್ಯವಸ್ಥೆ. ಮಷೀನಿನಲ್ಲಿ ಭತ್ತ ಕೊಯ್ದರೆ ಹೊಲದ ತುಂಬ ತುಂಡು ಹುಲ್ಲು ಬಿದ್ದಿರುತ್ತದೆ. ದನ ಮೂಸುವುದಿಲ್ಲ, ಕಟ್ಟಿ ಒಯ್ಯಲಿಕ್ಕೂ ಬರುವುದಿಲ್ಲ. ನಮ್ಮ ಕಾಲುವೆ ಸೀಮೆಯಲ್ಲಿ ಹೊತ್ತು ಮುಳುಗಿ ಗಾಳಿ ನಿಂತ ಮೇಲೆ ಅದಕ್ಕೆ ಬೆಂಕಿ ಹಚ್ಚುತ್ತಾರೆ. ಆ ದಿನಗಳಲ್ಲಿ ಸಂಜೆಯಾದರೆ ಮಾನ್ವಿಯ ಸುತ್ತ ಯಾವುದಾದರೂ ಒಂದು ದಿಕ್ಕು ಕೆಂಪಾಗಿಯೇ ಇರುತ್ತದೆ. ಇಲ್ಲಿ ಹುಟ್ಟಿದವರು ತಲೆ ಎತ್ತಿಯೂ ನೋಡುವುದಿಲ್ಲ. ರಾಯಚೂರಿನ ಕ್ವಾರ್ಟರ್ಸಿನಲ್ಲೇ ಆಯುಷ್ಯ ಕಳೆದವರಿಗೆ ಅದೇನು ಗೊತ್ತು?

ನಮ್ಮ ಹೊಲ ಗುಡ್ಡದ ಉತ್ತರಕ್ಕೆ, ನಡುವೆ ಒಂದು ಗಿಡ್ಡ ದಿಬ್ಬ. ಆ ವಾರವೇ ಕೊಯ್ಲು ಮುಗಿದಿತ್ತು. ಹೊಲ ನೋಡಿಕೊಳ್ಳುವ ಮೈದುನ ಅಡುಗೆಮನೆಗೆ ಬಂದು ಕೇಳಿದ.

"ವೈನಿ, ಭಾನುವಾರ ಹುಲ್ಲಿಗೆ ಬೆಂಕಿ ಹಚ್ಚಬೇಕಂತ ಮಾಡೀನಿ. ಯಾರೋ ಸರ್ ಆಕಾಶ ನೋಡಾಕ ಬರ್ತಾರಂತಲ್ಲ. ಮುಂದ ಹಾಕ್ಲೇನು?"

"ಬ್ಯಾಡ. ಹಚ್ಚು."

"ಹೊಗಿ ಬರ್ತದ ವೈನಿ."

"ಬರ್ಲಿ. ದಿಬ್ಬದ ಆಚಿ ಮಡಿಗಳಿಗೆ ಎಲ್ಲಾ ಒಮ್ಮೆಲೆ ಹಚ್ಚು. ಈಚಿ ಹಚ್ಚಬ್ಯಾಡ. ಉರಿ ಕಾಣಬಾರದು, ಬೆಳಕಷ್ಟ ಕಾಣಬೇಕು."

ಅವನು ನನ್ನ ಮುಖ ನೋಡಿದ. ಅವನಿಗೆ ಸೂರ್ಯನ ಜ್ವಾಲೆ ಗೊತ್ತಿರಲಿಲ್ಲ, ನನ್ನ ಮುಖ ಗೊತ್ತಿತ್ತು. "ಯಾರಿಗೋ ಕಾದದ," ಅಂದು ಒಂದು ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ಹೋದ.

ಹುಲ್ಲು ಸುಡಬಾರದು, ಮಣ್ಣು ಸಾಯುತ್ತದೆ, ಎದೆಗೆ ಹೊಗೆ ಹೋಗುತ್ತದೆ ಅಂತ ಕ್ಲಾಸಿನಲ್ಲಿ ಹೇಳುವವಳು ನಾನೇ. ಆ ಭಾನುವಾರ ರಜೆ ಇತ್ತು.

*

ಬಸ್ಸು ಹೊತ್ತು ಇಳಿಯುವ ಮೊದಲೇ ಬಂತು. ಸರ್ ಕೆಳಗಿಳಿದು ಗುಡ್ಡ ನೋಡಿ, "ಎಕ್ಸಲೆಂಟ್," ಅಂದರು. ನನ್ನ ಮುಖ ನೋಡಿ, "ಥ್ಯಾಂಕ್ಸ್ ಮೇಡಂ," ಅಂದರು. ಕಣ್ಣಿನಲ್ಲಿ ಗುರುತಿನ ಒಂದು ಎಳೆಯೂ ಇರಲಿಲ್ಲ. ಗೆಳತಿ ಮಗಳ ಕೈ ಹಿಡಿದು ಇಳಿದು, ಬುರ್ಖಾ ಸರಿಮಾಡಿಕೊಳ್ಳುತ್ತಾ ನನ್ನ ಕಿವಿಯಲ್ಲಿ, "ಕ್ಯಾ ಗೇ, ಏನ್ ಮಾಡೀ ನೀನು? ನಿನ್ನ ಮಾರಿ ನೋಡಿದ್ರ ನನಗ ಅಂಜಿಕಿ ಬರಾಕತ್ತದ," ಅಂದಳು.

"ನಿನ್ನ ಫೋನಿನಾಗ ಚಾರ್ಜ್ ಅದನಿಲ್ಲ?"

"ಅದ."

"ಸಾಕು."

ಗುಡ್ಡದ ನೆತ್ತಿ ಚಪ್ಪಟೆ ಬಂಡೆ. ಕುರ್ಚಿಗಳು, ಮೈಕು, ಚಾನೆಲ್ಲಿನವನ ಮೂರು ಕಾಲಿನ ಮೊಬೈಲ್. ಒಂದು ಕಡೆ ಅವ್ವನ ಒಲೆ. ಸರ್ ಉತ್ತರಕ್ಕೆ ಕೈ ಮಾಡಿ ಪಾಠ ಶುರು ಮಾಡಿದರು. ಸೂರ್ಯನ ಮೇಲಿನ ಕಲೆ, ಅಲ್ಲಿಂದ ಸಿಡಿಯುವ ಜ್ವಾಲೆ, ಅದರ ಜೊತೆ ಹೊರಬೀಳುವ ಕಣಗಳ ಮೋಡ, ಅದು ಇಲ್ಲಿಗೆ ಬರಲಿಕ್ಕೆ ಹಿಡಿಯುವ ಎರಡು ಮೂರು ದಿನ, ಆಮ್ಲಜನಕ ಬಹಳ ಎತ್ತರದಲ್ಲಿ ಕೆಂಪಗೆ ಬೆಳಗುವುದು, ಅಷ್ಟು ಎತ್ತರ ಇರುವುದಕ್ಕೇ ದೂರದ ದಕ್ಷಿಣದವರಿಗೂ ದಿಗಂತದಲ್ಲಿ ಕೆಂಪಷ್ಟೇ ಕಾಣುವುದು. ಒಂದು ಅಕ್ಷರ ತಪ್ಪಿರಲಿಲ್ಲ. ತಪ್ಪಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಗೊತ್ತಿದ್ದವನೇ ಅವತ್ತು ನಕ್ಕಿದ್ದ.

ಮೈಕಿನ ಹತ್ತಿರ ಹೋಗಿ ನಾನು ಒಂದೇ ಪ್ರಶ್ನೆ ಕೇಳಿದೆ. "ಸರ್, ಆಕಾಶ ಕೆಂಪಾದ್ರ ಅದು ಅರೋರಾನ ಅಂತ ಹೆಂಗ ಗುರ್ತ ಹಿಡೀಬೇಕ್ರಿ? ಬ್ಯಾರೇ ಏನರ ಇದ್ರ?"

"ಮೇಡಂ, ನೋಡಿದವರಿಗೆ ಗೊತ್ತಾಗುತ್ತದೆ," ಅಂದರು. ಒಂದಿಬ್ಬರು ತಂದೆಗಳು ನಕ್ಕರು. ನಾನು ಬಂದು ಅವ್ವನ ಪಕ್ಕ ನಿಂತೆ.

ಹೊತ್ತು ಮುಳುಗಿತು. ಕತ್ತಲು ಇನ್ನೂ ಪೂರ್ತಿ ಇಳಿದಿರಲಿಲ್ಲ, ದಿಬ್ಬದ ಮೇಲಿನ ಆಕಾಶ ತುಸು ಕುಸುಬೆ ಹೂವಿನ ಬಣ್ಣಕ್ಕೆ ತಿರುಗಿತು. ಆಮೇಲೆ ಗುಲಾಬಿ. ಆಮೇಲೆ, ನನ್ನ ಮೈದುನ ಮಾತು ಉಳಿಸಿಕೊಂಡ, ಅಷ್ಟೂ ಮಡಿ ಒಮ್ಮೆಲೆ ಹತ್ತಿಕೊಂಡು ಇಡೀ ಉತ್ತರ ಕೆಂಪಾಯಿತು. ಗಾಳಿ ಇಲ್ಲದ್ದಕ್ಕೆ ಹೊಗೆ ನೆಟ್ಟಗೆ ಕಂಬ ಕಂಬವಾಗಿ ಎದ್ದಿತ್ತು. ಕೆಳಗಿನ ಬೆಳಕು ಆ ಕಂಬಗಳ ಮೇಲೆ ಬಿದ್ದು, ಅವು ಪರದೆ ಅಲುಗಿದ ಹಾಗೆ ಅಲುಗುತ್ತಿದ್ದವು. ನಿಜ ಹೇಳುತ್ತೇನೆ, ಚಂದ ಇತ್ತು. ಲಡಾಖಿನ ಫೋಟೋಕ್ಕಿಂತ ಏನೂ ಕಮ್ಮಿ ಇರಲಿಲ್ಲ.

"ನೋಡಿ!" ಸರ್ ಕೂಗಿದರು. ದನಿ ಒಡೆಯಿತು. "ನೋಡಿ ಮಕ್ಕಳೇ! ಲೈವ್ ಹಾಕು, ಲೈವ್ ಹಾಕು! ರಾಯಚೂರು ಜಿಲ್ಲೆಯಿಂದ ಧ್ರುವಪ್ರಭೆ! ದಕ್ಷಿಣ ಭಾರತದಲ್ಲಿ ಮೊಟ್ಟಮೊದಲ ಬಾರಿಗೆ! ಆ ಕಂಬಗಳನ್ನ ನೋಡಿ. ಅವು ಕಾಂತರೇಖೆಗಳು. ನಾನು ಹೇಳಿದ್ದೆನೋ ಇಲ್ಲವೋ?"

ಚಪ್ಪಾಳೆ ಬಿತ್ತು. ಮೊಬೈಲುಗಳು ಮೇಲೆದ್ದವು. ಅಷ್ಟೊತ್ತಿಗೆ ಅವ್ವ ಮಿರ್ಚಿಯ ಮೊದಲ ಘಾಣ ಎಣ್ಣೆಯಿಂದ ತೆಗೆದಿದ್ದಳು. ಪೇಪರಿನಲ್ಲಿ ಎರಡು ಮಿರ್ಚಿ ಕಟ್ಟಿ, ನಾನೇ ಹೋಗಿ ಸರ್ ಕೈಗೆ ಕೊಟ್ಟೆ. ಆಕಾಶ ನೋಡುತ್ತಲೇ ಕಚ್ಚಿದರು. "ಅದ್ಭುತ," ಅಂದರು. ಯಾವುದಕ್ಕೆ ಅಂದರೋ.

ಊರಿನ ನಾಲ್ಕು ಮಂದಿ ಬಂಡೆಯ ಅಂಚಿನಲ್ಲಿ ಕೂತು ಬಾಯಿಗೆ ಟವೆಲ್ ಒತ್ತಿಕೊಂಡಿದ್ದರು. ನಾನು ಕಣ್ಣು ಬಿಟ್ಟಿದ್ದಕ್ಕೆ ತಡೆದುಕೊಂಡಿದ್ದರು.

ಆಗ ಗಾಳಿ ತಿರುಗಿತು. ನಾನು ಅದನ್ನ ಏರ್ಪಾಟು ಮಾಡಿರಲಿಲ್ಲ, ತಾನಾಗಿಯೇ ಬಂತು. ಮೊದಲು ಬಂದದ್ದು ವಾಸನೆ. ಗೆಳತಿಯ ಮಗಳು ಮೂಗು ಎಳೆದಳು. ಬಹಳ ಮರ್ಯಾದೆಯಿಂದ ಕೈ ಎತ್ತಿದಳು.

"ಸರ್, ಅರೋರಾಕ್ಕ ವಾಸನಿ ಇರ್ತದೇನ್ರಿ?"

"ಇಲ್ಲಮ್ಮ, ಅದು ನೂರಾರು ಕಿಲೋಮೀಟರ್ ಎತ್ತರ..." ಅಂದರು ಸರ್. ಅಲ್ಲಿಗೇ ನಿಂತರು. ಒಂದು ಕರಿ ಎಸಳು, ಸುಟ್ಟ ಹುಲ್ಲಿನ ಬೂದಿ, ತೇಲುತ್ತಾ ಬಂದು ಅವರ ಬಿಳಿ ಅಂಗಿಯ ಮೇಲೆ ಕೂತಿತು. ಒರೆಸಿದರು. ಕರಿ ಗೀಟು ಎದೆಯುದ್ದಕ್ಕೆ ಮೂಡಿತು. ಹಿಂದೆಯೇ ಇನ್ನೊಂದು ಬಂತು. ಆಮೇಲೆ ನೂರಾರು. ಕುರ್ಚಿ ಮೇಲೆ, ತಾಯಂದಿರ ಸೆರಗಿನ ಮೇಲೆ, ಮೂರು ಕಾಲಿನ ಮೊಬೈಲಿನ ಮೇಲೆ.

"ಹುಲ್ಲು ಸುಡಾಕತ್ತಾರಲೇ!" ಅಂದ ಒಬ್ಬ ತಂದೆ. ಅವನ ಊರೂ ಈ ಕಡೆಯದೇ ಇರಬೇಕು. "ನಾನು ಆಗಿಂದ ಮನಸಿನಾಗ ಅನಕೊಳ್ಳಾಕತ್ತಿದ್ದೆ, ಸರ್ ಅಂದ್ರಂತ ಸುಮ್ನಿದ್ದೆ!"

ಬಂಡೆಯ ಅಂಚಿನ ಟವೆಲುಗಳು ಬಿಚ್ಚಿದವು. ನಗೆ ಅಲ್ಲಿಂದ ಹತ್ತಿ ಇಡೀ ಗುಡ್ಡಕ್ಕೆ ಹಬ್ಬಿತು. ಅಂಥದೇ ನಗೆಯನ್ನ ನಾನು ಒಂದು ಸಲ ಕೇಳಿದ್ದೆ, ಬೆಂಚಿನ ಮುಂದೆ ನಿಂತು. ಈ ಸಲ ಅದರ ರುಚಿಯೇ ಬೇರೆ.

ಮೈಕ್ ನನ್ನ ಕೈಗೆ ಬಂತು. ಬಂತೇನು, ತಗೊಂಡೆ.

"ಸರ್, ಮಿರ್ಚಿ ತಿಂದ್ರಿ, ಪೇಪರ್ ಎಸೀಬ್ಯಾಡ್ರಿ. ಓದ್ರಿ. ನಮ್ಮವ್ವನ ಪೇಪರಿನಾಗ ಭಾಳ ಸುದ್ದಿ ಇರ್ತಾವು. ಬೊಂಬಾಯಿ ಸುದ್ದಿ ಸೈತ."

ಅವರು ನನ್ನ ಕಡೆ ತಿರುಗಿದರು. ಈಗ ಮೊದಲ ಸಲ ನೋಡಿದರು.

"ನೀವು ವಿಡಿಯೋದಾಗ ಹೇಳಿದ್ರಿ, ಬೊಂಬಾಯಿ ಮಾತು ಕ್ಲಾಸಿನಾಗ ಯಾವಾಗ್ಲೂ ಹೇಳ್ತಿದ್ದೆ ಅಂತ. ಆ ಮಾತು ಮೊದಲು ಯಾರು ಹೇಳಿದ್ರು, ಅವರಿಗೆ ನೀವು ಏನಂದ್ರಿ, ಈ ಮಕ್ಕಳಿಗೆ ಹೇಳಿ ಇಳೀರಿ. ಕೆಳಗ ಬಸ್ಸು ಕಾಯ್ತದ."

"ನನಗೆ... ನೆನಪಿಲ್ಲಮ್ಮ," ಅಂದರು. ಸುಳ್ಳಲ್ಲ ಅದು. ನಿಜಕ್ಕೂ ನೆನಪಿರಲಿಲ್ಲ. ನಾನು ವರ್ಷಗಟ್ಟಲೆ ಕಾಯಿಸಿದ್ದು ಈತನ ತಲೆಯಲ್ಲಿ ಒಂದು ದಿನವೂ ನಿಂತಿರಲಿಲ್ಲ.

ಅವ್ವ ಒಲೆಯ ಮುಂದಿನಿಂದ ಏಳಲೂ ಇಲ್ಲ. ಭಜಿ ತೆಗೆಯುವ ಜಾರಿಯನ್ನ ತಟ್ಟೆಗೆ ಕುಟ್ಟಿ, ಸಂತೆಯಲ್ಲಿ ಕರೆದ ಹಾಗೆ ಕರೆದಳು. "ಬರ್ರಿ, ಬರ್ರೀ! ಬಿಸಿ ಮಿರ್ಚಿ ಅರೋರಾ! ಕಾಂದಾ ಹಚ್ಚಿ ಮಿರ್ಚಿ ಅರೋರಾ!"

ಆ ಹೆಸರಿಗೆ ಸರ್ ಮುಖದ ಮೇಲೆ ನಗೆ ತಾನಾಗಿಯೇ ಹಾರಿತು, ಹಳೇ ಚಟ. ಬಾಯಿ ಅಗಲವಾಯಿತು, ಆ ಅಗಲದಲ್ಲೇ ನೆನಪು ಸಿಕ್ಕಿಬಿತ್ತು. ನಗೆ ಬಾಯಿಯಲ್ಲೇ ಉಳಿದು ಕಣ್ಣು ಮಾತ್ರ ಸಣ್ಣದಾಯಿತು. ನನ್ನನ್ನ ನೋಡಿದರು, ಅವ್ವನನ್ನ ನೋಡಿದರು, ಕೈಯಲ್ಲಿನ ಪೇಪರ್ ನೋಡಿದರು.

"ಕ್ಯಾಮೆರಾ ಬಂದ್ ಮಾಡು," ಅಂದರು ಚಾನೆಲ್ಲಿನ ಹುಡುಗನಿಗೆ.

"ಅದನ್ನ ಬಂದ್ ಮಾಡ್ರಿ ಸರ್, ಪರವಾಗಿಲ್ಲ," ಅಂದಳು ಗೆಳತಿ, ತನ್ನ ಫೋನ್ ಎತ್ತಿ ಹಿಡಿದು. "ಇದು ಚಾಲೂ ಅದ. ಆರಾಮಾಗಿ ಹೇಳ್ರಿ. ಟೈಮ್ ತಗೋರಿ."

ಮೈಕ್ ಅವರ ಬಾಯಿಗೆ ಹಿಡಿದೆ. ಬೂದಿ ಬೀಳುತ್ತಲೇ ಇತ್ತು. ಅಂಗಿಯ ಗೀಟನ್ನ ಇನ್ನೊಮ್ಮೆ ಒರೆಸಿ ಮಾತು ತೆಗೆದರು.

"ಬೊಂಬಾಯಿಯಲ್ಲಿ ಧ್ರುವಪ್ರಭೆ ಕಂಡ ಸಂಗತಿ... ನನ್ನ ಕ್ಲಾಸಿನಲ್ಲಿ ಹೇಳಿದ್ದು ಈಕೆ. ನಾನಲ್ಲ. ನಾನು... ನಕ್ಕಿದ್ದೆ."

"ಉತ್ತರ ಸರಿ ಇತ್ತೋ, ತಪ್ಪಿತ್ತೋ?"

"ಸರಿ ಇತ್ತು."

"ಜೋರಾಗಿ ಸರ್. ಹಿಂದಿನ ಬೆಂಚಿಗೆ ಕೇಳಂಗಿಲ್ಲ."

"ಸರಿ ಇತ್ತು!"

ನೀವು ಕೇಳಬಹುದು, ಆಗ ಮನಸ್ಸು ಕರಗಲಿಲ್ಲವೇ ಅಂತ. ಕೂದಲಿನ ಕಪ್ಪು ಬೆವರಿನ ಜೊತೆ ಕಿವಿಯ ಹಿಂದೆ ಇಳಿಯುತ್ತಿತ್ತು, ವಯಸ್ಸಾದ ಮನುಷ್ಯ. ಕರಗಲಿಲ್ಲ. ಆ ಪ್ರಾಕ್ಟಿಕಲ್ ಕೋಣೆಯಲ್ಲಿ ನನ್ನ ವಯಸ್ಸೆಷ್ಟಿತ್ತು ಅಂತ ಯಾರೂ ಕೇಳಿರಲಿಲ್ಲ. ನಾನು ಅವರ ಅಂಗಿಯ ಮೇಲಿನ ಗೀಟನ್ನ ಪೂರ್ತಿಯಾಗಿ ನೋಡಿ ಮುಗಿಸಿ, ಆಮೇಲೆ ಮೈಕ್ ಬಂದ್ ಮಾಡಿದೆ.

ಬಸ್ಸು ಹೋದ ಮೇಲೆ ಅವ್ವ ಒಲೆ ಆರಿಸಿದಳು. ಸುತ್ತಲೂ ಸುಟ್ಟ ಹುಲ್ಲಿನ ವಾಸನೆ, ನಡುವೆ ಕರಿದೆಣ್ಣೆಯದು.

"ಚೊಂಯ್ ಅಂತೇನು ಎಣ್ಣಿ?" ಅಂದೆ.

"ಅಂತವ್ವಾ," ಅಂದಳು. "ಊರೆಲ್ಲ ಕೇಳಂಗ ಅಂತು."

*

ಗೆಳತಿಯ ವಿಡಿಯೋ ರಾಯಚೂರಿನ ಯಾವ ಮೊಬೈಲಿಗೆ ಹೋಗಲಿಲ್ಲ ಅಂತ ಕೇಳಬೇಕು. ಸರ್ ಹಳೇ ವಿಡಿಯೋ ತೆಗೆದುಹಾಕಿದರು. ಕೋಚಿಂಗಿನ ಮಕ್ಕಳು ಅವರಿಗೆ ಇಟ್ಟ ಹೆಸರು ಹುಲ್ಲು ಅರೋರಾ. ಗೆಳತಿಯ ಮಗಳು ಹೇಳಿದ್ದು, ಅವರು ಬೋರ್ಡಿನ ಕಡೆ ತಿರುಗಿದರೆ ಸಾಕು, ಹಿಂದಿನ ಬೆಂಚಿನಿಂದ ಯಾರಾದರೂ ಮೂಗು ಎಳೆಯುತ್ತಾರಂತೆ, ಸೊಂಯ್ ಅಂತ. ಈಗ ಸಿಟ್ಟು ಅವರಿಗೆ ಬರುತ್ತದಂತೆ.

ನನ್ನ ಮಕ್ಕಳಿಗೆ ನಾನು ಈ ಪಾಠ ಪ್ರತಿ ವರ್ಷ ಮಾಡುತ್ತೇನೆ. ನಮ್ಮೂರಿನಿಂದ ಧ್ರುವಪ್ರಭೆ ಕಾಣುವ ಸಂಭವ ಬಹಳ ಸಣ್ಣದು, ಇಲ್ಲವೇ ಇಲ್ಲ ಅನ್ನಲಿಕ್ಕೆ ಬರುವುದಿಲ್ಲ. ಆಕಾಶ ಕೆಂಪಾದರೆ ಮೊದಲು ಮೂಗು ಉಪಯೋಗಿಸಿ, ಆಮೇಲೆ ಕಣ್ಣು. ಎಲ್ಲಿ ಓದಿದೆ ಅಂತ ಮಾತ್ರ ನಾನು ಯಾರನ್ನೂ ಕೇಳುವುದಿಲ್ಲ.

ಸೂರ್ಯ ಈ ವರ್ಷಗಳಲ್ಲಿ ಬಹಳ ಗರಂ ಇದ್ದಾನೆ. ಹೊಸ ಜ್ವಾಲೆಯ ಸುದ್ದಿ ಬಂದಾಗೆಲ್ಲ ನಾನು ಅದನ್ನ ಸರ್ ನಂಬರಿಗೆ ಕಳಿಸುತ್ತೇನೆ. ಮೊನ್ನೆಯೂ ಕಳಿಸಿದೆ, ಕೆಳಗೆ ಒಂದು ಸಾಲು ಬರೆದು: "ಸರ್, ಗುಡ್ಡ ಖಾಲಿ ಅದ. ಅವ್ವನೂ ಊರಾಗ ಅದಾಳ. ಕುರ್ಚಿ ಹಾಕಸ್ಲೇನ್ರಿ?"

ಓದಿದ್ದಾರೆ. ನೀಲಿ ಗೀಟು ಎರಡೂ ಬಿದ್ದಿವೆ.